ದರ್ಜಿಯ ಮಗಳ ಸ್ಟೂಲು

ಬಡಗಿಗಳ ಶೆಡ್ಡಿನಲ್ಲಿ ಅವಳಿಗೆ ಬೇರೆ ಹೆಸರೇ ಇರಲಿಲ್ಲ. ಬಡಗಿಯನ್ನು ಮದುವೆಯಾಗಿ ಇಪ್ಪತ್ತೆರಡು ವರ್ಷ ಕಳೆದಿದ್ದರೂ ಅಲ್ಲಿಯವರ ಬಾಯಲ್ಲಿ ಅವಳು ದರ್ಜಿಯ ಮಗಳೇ. ಗಂಡನ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರೆ ಸಾಕು, ಯಾರಾದರೊಬ್ಬರು ಕೂಗುತ್ತಿದ್ದರು: "ಏ, ದರ್ಜಿ ಮಗಳು ಬಂದ್ಲು ನೋಡ್ರೋ, ಹರಿದಿದ್ದು ಬಿಚ್ಚಿದ್ದು ಇದ್ರೆ ತನ್ನಿ." ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗದೆ ಡಬ್ಬಿ ಕೊಟ್ಟು ಬರುವ ದಾರಿ ಅವಳಿಗೆ ತಿಳಿದಿರಲಿಲ್ಲ.

ದರ್ಜಿಯ ಮಗಳು ಎಂಬುದೂ ಅರ್ಧ ಸತ್ಯವೇ. ಅಪ್ಪನ ಅಂಗಡಿಯಲ್ಲಿ ಅವಳಿಗೆ ಸಿಕ್ಕಿದ್ದು ಗುಂಡಿ, ಕಾಜ, ಅಂಚು ಮಡಚುವ ಕೆಲಸ, ಅಷ್ಟೇ. ಕತ್ತರಿ ಮಾತ್ರ ಮುಟ್ಟುವಂತಿರಲಿಲ್ಲ. "ಸೂಜಿ ತಪ್ಪಿದ್ರೆ ಬಿಚ್ಚಬಹುದು, ಕತ್ತರಿ ತಪ್ಪಿದ್ರೆ ಬಿಚ್ಚೋಕಾಗತ್ತಾ? ಹೆಣ್ಮಕ್ಕಳಿಗೆ ಸೂಜಿ ಸಾಕು" ಎನ್ನುತ್ತಿದ್ದ ಅಪ್ಪ. ಕತ್ತರಿ ಅಣ್ಣನ ಪಾಲಾಯಿತು. ಅಣ್ಣ ಸೊಟ್ಟಗೆ ಕತ್ತರಿಸುತ್ತಿದ್ದ. ಆ ಸೊಟ್ಟವನ್ನು ಹೊಲಿಗೆಯೊಳಗೆ ಮುಚ್ಚಿಡುವುದು ತಂಗಿಯ ಕೆಲಸವಾಗಿತ್ತು. ಗಿರಾಕಿಗಳು ಅಣ್ಣನನ್ನು ಹೊಗಳಿ ಹೋಗುತ್ತಿದ್ದರು. ಇದನ್ನು ಹೇಳುವಾಗ ನನಗೇ ಮೈ ಉರಿಯುತ್ತದೆ. ಅವಳು ಮಾತ್ರ ಅದನ್ನು ಯಾರ ಮೇಲೂ ದೂರು ಹೇಳುವ ಧಾಟಿಯಲ್ಲಿ ಹೇಳಿದವಳಲ್ಲ.

ಗಂಡ ಒಳ್ಳೆಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಅವನು ಕೂಡಿಸಿದ ಎರಡು ಮರದ ನಡುವೆ ಕೂದಲೂ ತೂರುತ್ತಿರಲಿಲ್ಲ. ಆದರೆ ಕೈಯಲ್ಲಿದ್ದ ಗುಣ ತಲೆಗೂ ಏರಿತ್ತು. ಮದುವೆಯಾದ ಹೊಸದರಲ್ಲಿ ಅವಳು ಒಂದು ಡಬ್ಬದ ಮುಚ್ಚಳ ಎಬ್ಬಿಸಲು ಅವನ ಉಳಿ ತೆಗೆದುಕೊಂಡಳು. ಮೂರು ದಿನ ಅವನು ಅವಳ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಆಡಿದ್ದು ಒಂದೇ ಮಾತು: "ನನ್ನ ಸಾಮಾನು ನನ್ನ ಕೈ ಬಿಟ್ಟು ಇನ್ನೊಂದು ಕೈ ನೋಡಬಾರದು." ಅವಳು ನೋಡಲಿಲ್ಲ. ಅವನ ಚೀಲ ಮಂಚದ ಕೆಳಗಿದ್ದರೆ ಪೊರಕೆಯನ್ನೂ ಅದರ ಸುತ್ತ ಬಳಸಿಕೊಂಡು ಆಡಿಸುತ್ತಿದ್ದಳು.

ಹಾಗಿದ್ದ ಕೈ ಒಂದು ಬೆಳಿಗ್ಗೆ ಕೆಲಸದ ನಡುವೆಯೇ ಲಕ್ವ ಹೊಡೆದು ಬಿದ್ದುಹೋಯಿತು. ಬಲಗೈ, ಬಲಗಾಲು, ಎರಡೂ ಇದ್ದೂ ಇಲ್ಲದಂತಾದವು. ಬಾಯಿ ಒಂದೂವರೆ ತಿಂಗಳಿಗೆ ಸರಿಹೋಯಿತು. ಸರಿಹೋದದ್ದೇ ತಪ್ಪಾಯಿತು ಎಂದು ಅವನ ತಾಯಿಯೇ ಹೇಳಿದ್ದುಂಟು. ನೀರು ಬಿಸಿಯಾಯಿತು, ತಣ್ಣಗಾಯಿತು, ಕಿಟಕಿ ತೆರೆದೆ ಯಾಕೆ, ಮುಚ್ಚಿದೆ ಯಾಕೆ. ಬಿದ್ದರೂ ಮೀಸೆ ಮಣ್ಣಾಗದ ಆಸಾಮಿ.

ಈಗ ಶೆಡ್ಡಿನ ವಿಷಯ ಹೇಳಬೇಕು. ಮರ ಸೀಳುವ ಮಿಲ್ಲಿನ ಪಕ್ಕ ತಗಡಿನ ಚಾವಣಿಯ ಉದ್ದನೆಯ ಶೆಡ್ಡು, ಒಳಗೆ ಎರಡು ಸಾಲಿನಲ್ಲಿ ಹದಿನಾಲ್ಕು ಬೆಂಚು. ಕೂರುವ ಬೆಂಚಲ್ಲ, ಬಡಗಿ ನಿಂತು ಕೆಲಸ ಮಾಡುವ, ಸೊಂಟದೆತ್ತರದ ದಪ್ಪ ಹಲಗೆಯ ಮೇಜು. ಬೆಂಚು ಇದ್ದವನಿಗೆ ಕೆಲಸ ತಾನಾಗಿ ಬರುತ್ತದೆ, ಇಲ್ಲದವನು ಬಾಗಿಲು ಬಾಗಿಲು ತಿರುಗಬೇಕು. ಬೆಂಚನ್ನು ಮಾರುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಬೆಂಚಿನವನು ಸತ್ತರೆ, ಇಲ್ಲ ಕೈಲಾಗದೆ ಕೂತರೆ, ಒಂದು ವರ್ಷ ಅದು ಖಾಲಿ ಇರುತ್ತದೆ. ಅಷ್ಟರೊಳಗೆ ಆ ಮನೆಯವರಲ್ಲಿ ಒಬ್ಬರು ಪರೀಕ್ಷೆ ಗೆದ್ದರೆ ಅವರದು. ಸೋತರೆ ಕಾದಿರುವವರ ಪಟ್ಟಿಯಲ್ಲಿ ಮೊದಲಿದ್ದವನಿಗೆ.

ಪರೀಕ್ಷೆ ಎಂದರೆ ಒಂದು ಸ್ಟೂಲು. ಬೆಳಿಗ್ಗೆ ಮಿಲ್ಲಿನ ಒರಟು ಮರ ಕೊಡುತ್ತಾರೆ, ಸಂಜೆಯೊಳಗೆ ನಾಲ್ಕು ಕಾಲಿನ ಸ್ಟೂಲು ಮಾಡಿ ಕೊಡಬೇಕು. ಮೊಳೆಯಿಲ್ಲ, ಗೋಂದಿಲ್ಲ, ಕರೆಂಟಿನ ಯಂತ್ರವಿಲ್ಲ. ಒಮ್ಮೆ ಕೂಡಿಸಿದ ಮೇಲೆ ಕಾಲು ಕತ್ತರಿಸಿ ಸರಿಮಾಡುವಂತಿಲ್ಲ. ಶೆಡ್ಡಿನ ಹಿರಿಯ ಅದನ್ನು ಬಾಗಿಲ ಬಳಿಯ ಸಮತಟ್ಟಾದ ಕಲ್ಲಿನ ಮೇಲಿಟ್ಟು ಮೂಲೆಮೂಲೆಗೂ ಬೆರಳೊತ್ತುತ್ತಾನೆ. ಅವನನ್ನು ಎಲ್ಲರೂ ಮಟ್ಟದಜ್ಜ ಎನ್ನುವುದು ಇದಕ್ಕೇ. ಅಲುಗಿದರೆ ಮುಗಿಯಿತು. ಮೂರು ಕಾಲಿನದು ಎಲ್ಲಿಟ್ಟರೂ ನಿಲ್ಲುತ್ತದೆ, ಅದಕ್ಕೇ ಅವರು ನಾಲ್ಕು ಕಾಲು ಕೇಳುವುದು. ಮನೆಯವರಿಗೆ ಒಂದೇ ಅವಕಾಶ.

ಮನೆಯಲ್ಲಿದ್ದವರು ಮೂವರು. ಮಲಗಿದ ಗಂಡ, ಹೊಸ್ತಿಲಲ್ಲಿ ಕೂತ ಅತ್ತೆ, ಅವಳು.

"ನಾನು ಕಲೀತೀನಿ" ಎಂದಳು ಒಂದು ದಿನ, ಅವನಿಗೆ ತುತ್ತು ಕೊಡುತ್ತಾ.

ಅವನು ನಕ್ಕು ನೆತ್ತಿಗೆ ಹತ್ತಿಸಿಕೊಂಡ. "ನೀನಾ? ಗುಂಡಿ ಹೊಲಿಯೋ ಕೈಲಿ ಗರಗಸ ಹಿಡೀತೀಯಾ?"

ಅತ್ತೆ ಹೊಸ್ತಿಲಿಂದಲೇ ಬಾಯಿ ಹಾಕಿದಳು. "ಹೇಳ್ಕೊಡೋ. ಕೆಲಸ ಇಲ್ಲದ ಬಡಗಿ ಮಗುವಿನ ಕುಂಡಿ ಕೆತ್ತಿದನಂತೆ. ಆರು ತಿಂಗಳಿಂದ ನಮ್ಮಿಬ್ಬರದೂ ಕೆತ್ತಿದ್ದು ಸಾಕು."

ಹೀಗೆ ಕಲಿಕೆ ಶುರುವಾಯಿತು. ಆಗಲೇ ಅರ್ಧ ವರ್ಷ ಕಳೆದಿತ್ತು. ಅವನದು ಒಂದೇ ಷರತ್ತು: ಶೆಡ್ಡಿಗೆ ಹೋಗಿ ಯಾರನ್ನೂ ಏನೂ ಕೇಳಬಾರದು. "ನನ್ನ ಹೆಂಡ್ತಿಗೆ ಇನ್ನೊಬ್ಬ ಹೇಳ್ಕೊಡೋದಾ? ನಾನಿನ್ನೂ ಸತ್ತಿಲ್ಲ." ಅವಳು ಒಪ್ಪಿದಳು. ಶೆಡ್ಡಿನಲ್ಲೇ ಮೊದಲನೆಯ ಕೆಲಸಗಾರ ಮನೆಯ ಮಂಚದ ಮೇಲೇ ಇರುವಾಗ ಎರಡನೆಯವನನ್ನು ಕೇಳುವುದು ಯಾಕೆ?

ಮೊದಲ ಎರಡು ವಾರ ಬರೀ ಸಾಣೆ. ಮರ ಮುಟ್ಟಲು ಬಿಡಲಿಲ್ಲ. ಹಿತ್ತಲಿನ ಕಟ್ಟೆಯ ಮೇಲೆ ಸಾಣೆಕಲ್ಲು, ಪಕ್ಕದಲ್ಲಿ ಚೊಂಬು ನೀರು. ಅವನ ಮಂಚವನ್ನು ಹಿತ್ತಲ ಬಾಗಿಲಿಗೆ ಎಳೆದು ಹಾಕಿದ್ದರು. ಉಳಿಯ ಓರೆಯನ್ನು ಕಲ್ಲಿಗೆ ಪೂರಾ ಕೂರಿಸಿ ಹಿಂದೆ ಮುಂದೆ ಎಳೆಯಬೇಕು, ಮಣಿಕಟ್ಟು ಅಲ್ಲಾಡಬಾರದು. ಅಲ್ಲಾಡಿದರೆ ಓರೆ ಉಬ್ಬುತ್ತದೆ, ಉಬ್ಬಿದ ಉಳಿ ಮರವನ್ನು ಕಡಿಯದೆ ಜಗಿಯುತ್ತದೆ. "ಬೆನ್ನ ಕಡೆ ಬೆರಳು ಸವರು. ಸಣ್ಣ ತರಿ ತಗಲ್ತಾ? ತಗಲಿದ್ರೆ ಈ ಕಡೆ ಆಯ್ತು, ತಿರುಗ್ಸು" ಎನ್ನುತ್ತಿದ್ದ. ಹರಿತವಾಯಿತೇ ಎಂದು ನೋಡಲು ಮುಂಗೈಯ ರೋಮ ಬೋಳಿಸಬೇಕು. ಎರಡು ವಾರಕ್ಕೆ ಅವಳ ಎಡಮುಂಗೈ ನುಣ್ಣಗಾಯಿತು. ಅತ್ತೆ ಅದನ್ನು ನೋಡಿ, "ಸಂಸಾರಕ್ಕೆ ತಲೆ ಬೋಳಾಗೋದು ನೋಡಿದ್ದೆ, ಕೈ ಬೋಳಾಗೋದು ಇದೇ ಮೊದಲು ನೋಡ್ದೆ" ಎಂದಳು.

ಆಮೇಲೆ ಗರಗಸ. ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂದು ಕೇಳಿದರೆ, "ಮಗು ಕೈ ಹಿಡ್ಕೊಂಡು ರಸ್ತೆ ದಾಟ್ಸೋ ಹಾಗೆ. ಬಿಡಬಾರದು, ಹಿಂಡಬಾರದು" ಎಂದ. ಅವರಿಗೆ ಮಕ್ಕಳಿರಲಿಲ್ಲ. ತೋರುಬೆರಳು ಹಿಡಿಯ ಗುಂಟ ಮುಂದಕ್ಕೆ ಚಾಚಿರಬೇಕು, ಮೊಣಕೈ, ಭುಜ, ಗರಗಸ ಒಂದೇ ನೇರದಲ್ಲಿರಬೇಕು. ಗೆರೆಯ ಮೇಲೆ ಕೊಯ್ಯಬಾರದು, ಗೆರೆಯನ್ನು ಉಳಿಸಿ ಹೊರಗಡೆ ಕೊಯ್ಯಬೇಕು. ಗೆರೆ ಹೋದರೆ ಎಷ್ಟು ತಪ್ಪಿದೆ ಎಂದು ತಿಳಿಯುವ ದಾರಿಯೂ ಹೋಯಿತು. ಗೆರೆಯನ್ನು ಪೆನ್ಸಿಲ್ಲಿನಿಂದ ಎಳೆಯುವಂತಿಲ್ಲ, ಚಾಕುವಿನ ಮೊನೆಯಿಂದ ಗೀರಬೇಕು.

ತೋಪಡ ಹಿಡಿದ ದಿನ ಅವಳೇ ಅವನನ್ನು ಬೆರಗುಗೊಳಿಸಿದಳು. ಮರ ಹೆರೆದು ನುಣುಪು ಮಾಡುವ ಆ ಸಾಮಾನು ಹೊಸಬರ ಕೈಯಲ್ಲಿ ಎಗರಾಡುತ್ತದೆ, ಮರದ ಎಳೆಯನ್ನು ಎದುರಿನಿಂದ ಕೆದರಿ ತರಚುತ್ತದೆ. ಅವಳು ಹಲಗೆಯ ಮೇಲೆ ಒಮ್ಮೆ ಅಂಗೈ ಆಡಿಸಿ, ತಿರುಗಿಸಿಟ್ಟು, ತಳ್ಳಿದಳು. ಅಂಗೈ ಅಗಲದ ಸುರುಳಿ ಹಲಗೆಯ ಉದ್ದಕ್ಕೂ ತುಂಡಾಗದೆ ಬಂತು.

"ಯಾವ ಕಡೆಯಿಂದ ತಳ್ಳಬೇಕು ಅಂತ ಯಾರು ಹೇಳಿದ್ರು?"

"ಮಖಮಲ್ಲಿಗೂ ಹಿಂಗೇ ಅಲ್ವಾ, ಒಂದು ಕಡೆ ಸವರಿದ್ರೆ ಮಲಗತ್ತೆ, ಇನ್ನೊಂದು ಕಡೆ ಏಳತ್ತೆ."

ಅವಳು ಆ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿದಳು. ನಲವತ್ತೊಂದು ವರ್ಷದಲ್ಲಿ ಅವಳು ಇನ್ನೊಬ್ಬರು ಕತ್ತರಿಸಿ ಕೊಟ್ಟದ್ದನ್ನೇ ಹೊಲಿದವಳು, ಇನ್ನೊಬ್ಬರು ತಂದದ್ದನ್ನೇ ಬೇಯಿಸಿದವಳು. ಮೊದಲ ಗೆರೆ, ಮೊದಲ ಕೊಯ್ತ, ಎರಡೂ ತನ್ನವೇ ಆಗಿರುವ ಕೆಲಸ ಒಂದಿದೆ ಎಂದು ಅವಳಿಗೆ ಆವತ್ತು ಗೊತ್ತಾಯಿತು. ಅಲ್ಲಿಯವರೆಗೆ ಬೆಂಚು ಹೊಟ್ಟೆಪಾಡಿಗೆ ಬೇಕಿತ್ತು. ಆವತ್ತಿನಿಂದ ಅವಳಿಗೇ ಬೇಕಾಯಿತು. ಆಸೆ ಎಂದರೆ ಆಸೆ, ಅದಕ್ಕೆ ಬೇರೆ ಹೆಸರು ಕೊಡುವುದು ಬೇಡ.

ಕೊನೆಗೆ ಕೂಡಿಸುವ ಪಾಠ. ಒಂದು ತುಂಡಿನ ತುದಿಯಲ್ಲಿ ನಾಲಿಗೆ ಬಿಡಿಸಬೇಕು, ಇನ್ನೊಂದರಲ್ಲಿ ಅದಕ್ಕೆ ತಕ್ಕ ತೂತು ತೋಡಬೇಕು, ನಾಲಿಗೆ ತೂತಿನೊಳಗೆ ಮರದ ಕೊಡತಿಯ ಎರಡೇಟಿಗೆ ಕೂರಬೇಕು. ಅಟ್ಟದ ಮೇಲೆ ಅವನು ಒಳ್ಳೆಯ ಕಾಲದಲ್ಲಿ ತಯಾರು ಮಾಡಿಟ್ಟ ತುಂಡುಗಳಿದ್ದವು, ನಾಲ್ಕೂ ಬದಿ ನುಣ್ಣಗೆ ಹೆರೆದವು. ಅವಳು ಒಂದನ್ನು ಇಳಿಸಿ ಗುರುತು ಹಾಕಲು ಕೂತಳು. ಅಪ್ಪ ಬಟ್ಟೆಯ ನಡು ಹಿಡಿಯುತ್ತಿದ್ದುದು ಹೇಗೆ? ಈ ಅಂಚಿನಿಂದ ಇಷ್ಟು ಒಳಕ್ಕೆ, ಆ ಅಂಚಿನಿಂದ ಇಷ್ಟು ಒಳಕ್ಕೆ. ಅವಳೂ ಹಾಗೇ ಮಾಡಿದಳು. ಈ ಬದಿಯಿಂದ ಒಂದು ಗೀರು, ತುಂಡು ತಿರುಗಿಸಿ ಆ ಬದಿಯಿಂದ ಒಂದು ಗೀರು, ನಡುವೆ ಉಳಿದದ್ದು ನಾಲಿಗೆ. ಮಾಡಿ ಗಂಡನ ಮುಖ ನೋಡಿದಳು. ಅವನು ಅದನ್ನೇ ನೋಡುತ್ತಿದ್ದ. ತುಟಿ ಅಲ್ಲಾಡಿತು.

"ಚೆನ್ನಾಗಿದೆ" ಎಂದ.

ಇಡೀ ಕಲಿಕೆಯಲ್ಲಿ ಅವನ ಬಾಯಿಂದ ಬಂದ ಹೊಗಳಿಕೆ ಅದೊಂದೇ. ಅವಳು ಆ ದಿನವೆಲ್ಲ ಖುಷಿಯಾಗಿದ್ದಳು. ಅತ್ತೆಯ ಕಾಲಿಗೆ ಕೇಳದೆಯೇ ಎಣ್ಣೆ ತಿಕ್ಕಿದಳು. ಮುಂದಿನ ಎರಡು ತಿಂಗಳು ಅದೇ ರೀತಿ ಗುರುತು ಹಾಕಿ ಮೂರು ಸ್ಟೂಲು ಮಾಡಿದಳು. ಮೂರೂ ಅಡುಗೆಮನೆಯ ನೆಲದ ಮೇಲೆ ಕಲ್ಲಿನಂತೆ ನಿಂತವು.

ಪರೀಕ್ಷೆಯ ದಿನ ಶೆಡ್ಡಿನಲ್ಲಿ ಯಾರೂ ಹರಿದ ಬಟ್ಟೆಯ ಮಾತಾಡಲಿಲ್ಲ. ಹದಿಮೂರು ಬೆಂಚಿನ ಕೆಲಸ ನಡೆಯುತ್ತಿತ್ತು, ಕಣ್ಣೆಲ್ಲ ಹದಿನಾಲ್ಕನೆಯದರ ಮೇಲೆ. ಅವಳು ತೋಪಡ ತಳ್ಳಿದಾಗ ಪಕ್ಕದ ಬೆಂಚಿನ ಕುಳ್ಳ ಬಡಗಿ ತನ್ನ ಗರಗಸ ನಿಲ್ಲಿಸಿ ನೋಡಿದ. "ಅಕ್ಕಾ, ಕೈ ಪಳಗಿದೆ ನಿಮ್ದು" ಎಂದ. ಮಧ್ಯಾಹ್ನದವರೆಗೆ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು.

ಕೂಡಿಸುವಾಗ ಕೆಟ್ಟಿತು. ಮೊದಲ ನಾಲಿಗೆ ತೂತಿಗೆ ಹೋಯಿತು, ಆದರೆ ಅಡ್ಡಪಟ್ಟಿ ಕಾಲಿನಿಂದ ಒಂದು ಕೂದಲಷ್ಟು ಆಚೆ ನಿಂತಿತು. ಎರಡನೆಯದು ಈಚೆ ನಿಂತಿತು. ಮೂರನೆಯದಕ್ಕೆ ಕೊಡತಿಯಿಂದ ಜೋರಾಗಿ ಹೊಡೆಯಬೇಕಾಯಿತು. ನಾಲ್ಕನೆಯದು ಕೂರುವ ಹೊತ್ತಿಗೆ ಇಡೀ ಚೌಕಟ್ಟು ತಿರುಚಿಕೊಂಡಿತ್ತು. ಏನು ತಪ್ಪಿದೆ ಎಂದು ಅವಳಿಗೆ ತಿಳಿಯಲಿಲ್ಲ. ಪ್ರತಿ ಗೀರನ್ನೂ ಎರಡೆರಡು ಸಲ ನೋಡಿದ್ದಳು, ಪ್ರತಿ ಗೆರೆಯನ್ನೂ ಉಳಿಸಿ ಕೊಯ್ದಿದ್ದಳು.

ಮಟ್ಟದಜ್ಜ ಸ್ಟೂಲನ್ನು ಕಲ್ಲಿನ ಮೇಲಿಟ್ಟ. ಬೆರಳೊತ್ತುವ ಅಗತ್ಯವೇ ಬೀಳಲಿಲ್ಲ. ಒಂದು ಕಾಲು ಗಾಳಿಯಲ್ಲಿತ್ತು.

ಯಾರಾದರೂ ನಕ್ಕುಬಿಟ್ಟಿದ್ದರೆ ಚೆನ್ನಾಗಿತ್ತು. ಯಾರೂ ನಗಲಿಲ್ಲ. ಅಜ್ಜ ಒಂದು ಕಾಲನ್ನು ಬಿಚ್ಚಿ ನಾಲ್ಕೂ ಬದಿ ತಿರುಗಿಸಿ ನೋಡಿದ.

"ಕೊಯ್ತ ಚೆನ್ನಾಗಿದೆ. ಉಳಿ ಕೆಲಸಾನೂ ಚೆನ್ನಾಗಿದೆ. ಗುರುತು ಎಲ್ಲಿಂದ ಹಾಕಿದೆಯಮ್ಮಾ?"

ಅವಳು ತೋರಿಸಿದಳು. "ಇದು ಈ ಕಡೆಯಿಂದ. ಇದು ಆ ಕಡೆಯಿಂದ."

"ಇದರ ಮುಖದ ಬದಿ ಯಾವುದು?"

"ಹಾಗಂದ್ರೆ?"

ಅಜ್ಜ ತನ್ನ ಬೆಂಚಿನಿಂದ ಒಂದು ತುಂಡು ತಂದು ಅದರ ಮೇಲಿದ್ದ ಪೆನ್ಸಿಲ್ಲಿನ ಸಣ್ಣ ಗುರುತು ತೋರಿಸಿದ. ಕೈಯಲ್ಲಿ ಹೆರೆದ ಮರದ ನಾಲ್ಕೂ ಬದಿ ಸಾಮಾನ್ಯವಾಗಿ ಒಂದಕ್ಕೊಂದು ಪೂರಾ ಸಮ ಇರುವುದಿಲ್ಲ. ಅದಕ್ಕೇ ಒಂದು ಬದಿಯನ್ನು ಪೂರಾ ನೇರ ಮಾಡಿ, ಅದೇ ಮುಖ ಎಂದು ಗುರುತು ಹಾಕಿ, ಪ್ರತಿ ಅಳತೆಯನ್ನೂ ಅದರಿಂದಲೇ ಹಿಡಿಯುತ್ತಾರೆ. ಎರಡು ಬದಿಯಿಂದ ಹಿಡಿದರೆ ಎರಡರ ತಪ್ಪೂ ಸೇರಿ ನಡುವಿಗೆ ಬರುತ್ತದೆ. ಬಟ್ಟೆ ಎಳೆದರೆ ಬರುತ್ತದೆ, ಮರ ಬರುವುದಿಲ್ಲ. ಮನೆಯಲ್ಲಿ ಅವಳು ಮಾಡಿದ ಸ್ಟೂಲುಗಳೆಲ್ಲ ಗಂಡ ಹೆರೆದಿಟ್ಟ ಮರದವು. ಅವನ ಕೈಯಲ್ಲಿ ನಾಲ್ಕೂ ಬದಿ ಸಮ ಬಂದಿದ್ದರಿಂದ ಎಲ್ಲಿಂದ ಅಳೆದರೂ ನಡೆದುಹೋಗಿತ್ತು.

"ಇದು ಮೊದಲನೇ ದಿನ ಹೇಳೋ ಮಾತಮ್ಮಾ" ಎಂದ ಅಜ್ಜ ಮೆಲ್ಲಗೆ. "ಗರಗಸ ಕೊಡೋದಕ್ಕಿಂತ ಮುಂಚೆ ಹೇಳೋದು."

ಶೆಡ್ಡಿನಲ್ಲಿ ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಕೆಲಸಕ್ಕೆ ಬಾಗಿದರು. ಅವರೆಲ್ಲ ಅವಳ ಗಂಡನ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅವನು ಏನು ಮರೆಯಬಲ್ಲ, ಏನು ಮರೆಯಲಾರ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೂ ಗೊತ್ತಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಸುಲಭವಾಗಿ ಹೇಳುತ್ತಾರೆ. ತುತ್ತನ್ನು ತಟ್ಟಿ ಬೀಳಿಸಿದ ಕೈ ಯಾರದು ಎಂದು ಗೊತ್ತಾದಾಗ ಹಸಿವಿಗಿಂತ ಹೆಚ್ಚು ಉರಿಯುವುದು ಅದೇ.

ಮನೆಗೆ ಬಂದಾಗ ಅವನು ಬಾಗಿಲನ್ನೇ ನೋಡುತ್ತಾ ಮಲಗಿದ್ದ.

"ಏನಾಯ್ತು?"

ಅವಳು ಸಾಮಾನಿನ ಚೀಲ ಇಳಿಸಿದಳು. "ಮರಕ್ಕೆ ಮುಖದ ಬದಿ ಅಂತ ಒಂದಿರತ್ತಂತೆ."

ಅವನು ಕಣ್ಣು ಬೇರೆ ಕಡೆ ತಿರುಗಿಸಿದ.

"ಹೇಳೋಕೆ ಮರ್ತುಹೋಯ್ತಾ ನಿಮಗೆ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ದಾರಿಯುದ್ದಕ್ಕೂ ಅವಳು ಆ ಒಂದು ಹೌದಿಗೆ ತನ್ನನ್ನು ತಯಾರು ಮಾಡಿಕೊಂಡೇ ಬಂದಿದ್ದಳು. ಕಾಯಿಲೆಯ ಮನುಷ್ಯ, ಮರೆವು ಬಂದಿರುತ್ತದೆ, ನಂಬಿಬಿಡೋಣ ಎಂದುಕೊಂಡಿದ್ದಳು. ಆದರೆ ಹಾಗೆ ಒಪ್ಪಿಕೊಂಡರೆ ಅವನು ಕೆಲಸ ಮರೆತ ಬಡಗಿಯಾಗಬೇಕಿತ್ತು. ಅದು ಅವನಿಂದ ಆಗಲಿಲ್ಲ.

"ಮರೆಯೋಕೆ ನಾನೇನು ನಿನ್ನೆ ಮೊನ್ನೆ ಕಲಿತೋನಾ?" ಎಂದ.

"ಮತ್ತೆ?"

"ದಿನಾ ಬಾಯಿವರೆಗೂ ಬರ್ತಿತ್ತು ಕಣೇ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ... ನೀನು ಆ ತೋಪಡ ತಳ್ಳಿದೆ ನೋಡು, ಆವತ್ತೇ ಗೊತ್ತಾಯ್ತು ನಂಗೆ, ನೀನು ಗೆದ್ದೇ ಗೆಲ್ತೀಯ ಅಂತ. ಗೆದ್ದು ನನ್ನ ಬೆಂಚಲ್ಲಿ ನಿಂತ್ಮೇಲೆ ನನ್ನನ್ನ ಯಾರು ಬಡಗಿ ಅಂತಾರೆ? ದರ್ಜಿ ಮಗಳ ಗಂಡ ಅಂತಾರೆ."

"ಈಗ ಏನಂತಾರೋ?" ಎಂದು ಕೇಳಿದ್ದು ಅವನ ತಾಯಿ.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ ಹಿರಿಯರು. ಆಡದೆ ನುಂಗಿದ ಮಾತು ಏನು ಕೆಡಿಸುತ್ತದೆ ಎಂದು ಅವರು ಹೇಳಿಲ್ಲ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಒಲೆ ಹೊತ್ತಿಸಿದಳು, ಅವನ ಮೈ ಒರೆಸಿದಳು, ಹೊತ್ತಿಗೆ ಸರಿಯಾಗಿ ತುತ್ತು ಕೊಟ್ಟಳು. ಮಾರನೆಯ ದಿನವೂ ಕೊಟ್ಟಳು. ಸೇವೆಯಲ್ಲಿ ಒಂದು ಚೂರೂ ಕಡಿಮೆಯಾಗಲಿಲ್ಲ. ಅದನ್ನು ನೋಡಿ ನೆರೆಹೊರೆಯವರು, ಎಂಥ ಹೆಂಗಸಪ್ಪಾ ಎಂದರು. ಸಿಟ್ಟು ಎಂದರೆ ಪಾತ್ರೆ ಎಸೆಯುವುದು ಎಂದುಕೊಂಡವರು ಅವರು.

ವಾರದೊಳಗೆ ಬೆಂಚು ಪಟ್ಟಿಯಲ್ಲಿ ಮೊದಲಿದ್ದವನಿಗೆ ಹೋಯಿತು. ಅವಳು ಶೆಡ್ಡಿಗೆ ಹೋಗಿ ಪಟ್ಟಿಯ ತುದಿಯಲ್ಲಿ ತನ್ನ ಹೆಸರು ಬರೆಸಿದಳು, ಹತ್ತೊಂಬತ್ತನೆಯದು. ಒಂದು ಬೆಂಚು ಖಾಲಿಯಾಗಲು ಎರಡು ವರ್ಷ ಹಿಡಿಯಬಹುದು, ಐದೂ ಹಿಡಿಯಬಹುದು. ತನ್ನ ಸರದಿ ಬರುವ ಹೊತ್ತಿಗೆ ಗರಗಸ ಎತ್ತುವ ಶಕ್ತಿ ಇರುತ್ತದೋ ಇಲ್ಲವೋ ಎಂದು ಅವಳಿಗೂ ಅನ್ನಿಸಿತು. ಆದರೂ ಬರೆಸಿದಳು. ಮಟ್ಟದಜ್ಜ, "ಮಧ್ಯಾಹ್ನ ಊಟದ ಹೊತ್ತಲ್ಲಿ ನನ್ನ ಬೆಂಚು ಖಾಲಿ ಇರತ್ತೆ, ಬಾ. ಮೊದಲಿಂದ ಶುರು ಮಾಡೋಣ" ಎಂದ.

ಮೊದಲ ದಿನ ಅವಳು ಚೀಲ ಕಟ್ಟುತ್ತಿದ್ದಾಗ ಗಂಡ ಕರೆದ. ಅವನ ದನಿ ಎಂದಿನಂತಿರಲಿಲ್ಲ.

"ಅಷ್ಟು ದೂರ ಯಾಕೆ ಹೋಗ್ತೀಯ? ನಾನೇ ಹೇಳ್ಕೊಡ್ತೀನಿ. ಈ ಸಲ ಎಲ್ಲಾ ಹೇಳ್ತೀನಿ, ಒಂದೂ ಬಿಡಲ್ಲ. ಆ ಅಜ್ಜನಿಗೆ ಗೊತ್ತಿಲ್ಲದ್ದೂ ಹೇಳ್ತೀನಿ. ಮೂವತ್ತು ವರ್ಷದ್ದು ಇದೆ ನನ್ನ ಹತ್ರ. ಇನ್ಯಾರಿಗೆ ಹೇಳ್ಲಿ ಅದನ್ನ?"

ಅದು ಸುಳ್ಳಾಗಿರಲಿಲ್ಲ. ಅವನು ನಿಜವಾಗಿಯೂ ಎಲ್ಲ ಹೇಳಲು ತಯಾರಿದ್ದ, ಅದು ಅವಳಿಗೂ ಕಂಡಿತು.

"ಬೇಡ ರೀ" ಎಂದಳು. "ನೀವು ಹೇಳಿದ್ದು ಪೂರ್ತಿ ಹೌದೋ ಅಲ್ವೋ ಅಂತ ಪ್ರತಿ ಸಲಾನೂ ಇನ್ನೊಬ್ಬರನ್ನ ಕೇಳ್ಕೊಂಡು ಬರಬೇಕಾಗತ್ತೆ. ಅದಕ್ಕಿಂತ ಮೊದಲೇ ಅವರನ್ನ ಕೇಳಿಬಿಡ್ತೀನಿ."

ಚೀಲ ಹೆಗಲಿಗೆ ಹಾಕಿ ಹೊಸ್ತಿಲು ದಾಟಿದಳು. ಹಿಂದಿನಿಂದ ಅವನು ಹೇಳತೊಡಗಿದ್ದ, ಮೊದಲು ಒಂದು ಬದಿ ನೇರ ಮಾಡ್ಬೇಕು, ಮೂಲೆಮಟ್ಟ ಹಿಡಿದು ನೋಡ್ಬೇಕು, ಆಮೇಲೆ ಅದರ ಪಕ್ಕದ ಬದಿ, ಕೇಳ್ತಿದೀಯಾ, ಅವಸರ ಮಾಡಬಾರದು.

"ಅವಳು ಹೋಗಿ ಆಯ್ತು ಕಣೋ" ಎಂದಳು ಅತ್ತೆ.